ಎರಡು ಬಾಂದುಕಲ್ಲುಗಳ ನಡುವೆ

"ಬಟ್ಟೆ ಸಮ ಇದೆ ಅಕ್ಕಾ. ಬೇಕಾದರೆ ನೀವೇ ಅಳೆದು ನೋಡಿ."

ಟೇಲರ್ ಮಾಮಾ ಸಮವಸ್ತ್ರದ ಪ್ಯಾಂಟನ್ನು ಮೇಜಿನ ಮೇಲೆ ಹಾಸಿ ನಡುವಿಗೆ ಮಡಚಿದರು. ಎರಡೂ ಕಾಲುಗಳ ಅಂಚು ಒಂದರ ಮೇಲೊಂದು ಸರಿಯಾಗಿ ಕೂತವು. ನನ್ನ ಹೆಂಡತಿ ಜಗಳ ತೆಗೆಯಲೆಂದೇ ಬಂದಿದ್ದಳು. ಎಡಗಾಲಿನ ಅಂಚು ನೆಲಕ್ಕೆ ಎಳೆಯುತ್ತಿದೆ, ಬಲಗಾಲಿನದು ಹಿಮ್ಮಡಿಯ ಮೇಲೆ ನಿಂತಿದೆ, ಹೊಲಿಗೆಗೆ ಇಷ್ಟು ದುಡ್ಡು ತೆಗೆದುಕೊಂಡು ಇದೆಂಥ ಕೆಲಸ ಎಂಬುದು ಅವಳ ತಕರಾರು. 2024ರ ಜೂನ್ ತಿಂಗಳು, ಶಾಲೆಗಳು ಆಗಷ್ಟೇ ಶುರುವಾಗಿದ್ದವು. ಬೆಟಗೇರಿಯ ಆ ಚಿಕ್ಕ ಅಂಗಡಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಮಾಮಾ ನನ್ನ ಮಗಳಿಗೆ ಮತ್ತೆ ಪ್ಯಾಂಟು ಹಾಕಿಸಿ, ಹೊಸ್ತಿಲ ಬಳಿಯ ಸಪಾಟಾದ ಕಲ್ಲಿನ ಮೇಲೆ ಬರಿಗಾಲಲ್ಲಿ ನಿಲ್ಲಿಸಿ, ಸೊಂಟದ ಎರಡೂ ಬದಿಗೆ ಹೆಬ್ಬೆರಳಿಟ್ಟು ಸ್ವಲ್ಪ ಹೊತ್ತು ನೋಡಿದರು. ಆಮೇಲೆ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

"ಸರ್, ಪ್ಯಾಂಟ್ ಸಮ ಇದೆ. ಹುಡುಗಿ ಸಮ ನಿಂತಿಲ್ಲ."

ನಾನು ಭೂಮಾಪಕ. ಜನರ ಹೊಲಗಳ ಗಡಿ ಗುರುತಿಸಿ ಹದ್ದುಬಸ್ತು ಮಾಡಿಕೊಡುವುದು, ಜಮೀನು ಪಾಲಾದಾಗ ಪೋಡಿ ನಕ್ಷೆ ತಯಾರಿಸುವುದು ನನ್ನ ಅನ್ನ. 40 ಗುಂಟೆಗೆ ಒಂದು ಎಕರೆ, 16 ಆಣೆಗೆ ಒಂದು ಗುಂಟೆ. ಅಣ್ಣ ತಮ್ಮಂದಿರ ನಡುವೆ ಒಂದು ಆಣೆ ಭೂಮಿ ಆಚೀಚೆಯಾದರೆ ಬದುವಿನ ಮೇಲೆ ಕೊಡಲಿ ಏಳುವುದನ್ನು ಕಣ್ಣಾರೆ ಕಂಡವನು. ನನ್ನ ಮನೆಯಲ್ಲಿಯೇ ಓಡಾಡುವ ಮಗುವಿನ ಒಂದು ಕಾಲು ಇನ್ನೊಂದಕ್ಕಿಂತ ಗಿಡ್ಡವಾಗಿರುವುದನ್ನು ನನಗೆ ತೋರಿಸಿಕೊಡಲು ದರ್ಜಿಯೊಬ್ಬ ಬೇಕಾಯಿತು.

ಹೆಂಡತಿ ಮನೆಗೆ ಬರುವವರೆಗೂ ಮಾತಾಡಲಿಲ್ಲ. ಬಂದವಳೇ ಟ್ರಂಕಿನಿಂದ ಹಿಂದಿನ ವರ್ಷದ ಸಮವಸ್ತ್ರ ತೆಗೆದು ನನ್ನ ಮುಂದೆ ಹಿಡಿದಳು. ಎಡಗಾಲಿನ ಅಂಚನ್ನು ಅವಳೇ ಅರ್ಧ ಬೆರಳಷ್ಟು ಒಳಗೆ ಮಡಚಿ ಕೈಹೊಲಿಗೆ ಹಾಕಿದ್ದಳು. ಯಾವಾಗ ಹಾಕಿದ್ದು, ಏಕೆ ಹಾಕಿದ್ದು ಅವಳಿಗೆ ನೆನಪಿರಲಿಲ್ಲ. ಕೈಗೆ ಗೊತ್ತಾಗಿತ್ತು, ತಲೆಗೆ ಗೊತ್ತಾಗಿರಲಿಲ್ಲ.

ಕಾಲು ಮುರಿದದ್ದು 2022ರ ನಾಗರ ಪಂಚಮಿಗೆ. ನಮ್ಮ ಕಡೆ ಪಂಚಮಿಯೆಂದರೆ ಹೆಣ್ಣುಮಕ್ಕಳ ಹಬ್ಬ. ಮದುವೆಯಾಗಿ ಹೋದವರು ತವರಿಗೆ ಬರುತ್ತಾರೆ, ಡಬ್ಬಿಗಟ್ಟಲೆ ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು ಸಿದ್ಧವಾಗುತ್ತವೆ, ಊರಿನ ದೊಡ್ಡ ಮರಗಳಿಗೆಲ್ಲ ಜೋಕಾಲಿ ಬೀಳುತ್ತದೆ. ರೋಣ ತಾಲ್ಲೂಕಿನಲ್ಲಿರುವ ಹೆಂಡತಿಯ ತವರಿನಲ್ಲಿ ಹಿತ್ತಲ ಬೇವಿನ ಮರಕ್ಕೆ ಪ್ರತಿವರ್ಷ ಜೋಕಾಲಿ ಕಟ್ಟುವವನು ಅವಳ ತಮ್ಮ. ಮಗಳಿಗೆ ಆಗ 8 ವರ್ಷ. ಇಬ್ಬರು ಹುಡುಗಿಯರು ಎದುರುಬದುರಾಗಿ ನಿಂತು ಜೀಕುತ್ತಿದ್ದಾಗ ನನ್ನ ಮಗಳ ಕೈ ಜಾರಿತು. ಮೊಣಕಾಲು ಹಿಂದುಮುಂದಾಗಿ ಬಿದ್ದಿದ್ದಳು. ನಾನು ಆಗ ಗದಗಿನಲ್ಲಿದ್ದೆ. ಒಂದೂವರೆ ತಾಸಿನಲ್ಲಿ ಅಲ್ಲಿ ತಲುಪಿದಾಗ ತೊಡೆಯ ಕೆಳಭಾಗ ಕುಂಬಳಕಾಯಿಯಂತೆ ಊದಿತ್ತು. ಪಕ್ಕದ ಊರಿನಲ್ಲಿ ಎಲುಬು ಕಟ್ಟುವವರಿದ್ದಾರೆ ಎಂದು ಹಿರಿಯರೊಬ್ಬರು ಬೈಕು ಶುರು ಮಾಡಿಕೊಂಡೇ ನಿಂತಿದ್ದರು. ಬಿದಿರಿನ ದಬ್ಬೆ, ಯಾವುದೋ ಸೊಪ್ಪಿನ ಲೇಪ, ತತ್ತಿಯ ಬಿಳಿ, ಇಪ್ಪತ್ತೊಂದು ದಿನಕ್ಕೆ ನಡೆಯುತ್ತಾಳೆ ಎಂದರು. ನಾನು ಒಪ್ಪಲಿಲ್ಲ. ಮಗುವನ್ನು ಕಾರಿನಲ್ಲಿ ಮಲಗಿಸಿಕೊಂಡು ನೇರ ಒಂದು ನರ್ಸಿಂಗ್ ಹೋಮಿಗೆ ಹೋದೆ.

ಆ ದಿನ ಒಪ್ಪದಿದ್ದುದಕ್ಕೆ ನನಗೆ ಇಂದಿಗೂ ಪಶ್ಚಾತ್ತಾಪವಿಲ್ಲ. ಆದರೆ ಆ ನಿರಾಕರಣೆಯ ಜಂಬ ನನ್ನ ತಲೆಯಲ್ಲಿ ಎರಡು ವರ್ಷ ಕೂತಿತ್ತು ಎಂಬುದನ್ನು ಬರೆಯಲೇಬೇಕು. ಓದಿದವನು, ನಾಟಿ ಮದ್ದಿಗೆ ಬೀಳಲಿಲ್ಲ, ಎಕ್ಸ್-ರೇ ತೆಗೆಸಿದೆ, ಅರಿವಳಿಕೆ ಕೊಡಿಸಿ ಎಲುಬನ್ನು ಜಾಗಕ್ಕೆ ಕೂಡಿಸಿ ಎರಡು ತಂತಿ ಹಾಕಿಸಿದೆ, ಇನ್ನೇನು ಬೇಕು? ಸರಿಯಾದ ಬಾಗಿಲು ತಟ್ಟಿದವನಿಗೆ ಒಳಗೆ ಹೋಗಿ ಕೂತು ಕೇಳುವ ವ್ಯವಧಾನವೂ ಇರಬೇಕೆಂದು ನನಗೆ ಹೊಳೆಯಲಿಲ್ಲ.

ಸೆಪ್ಟೆಂಬರಿನ ಮಧ್ಯದಲ್ಲಿ ಪ್ಲಾಸ್ಟರು ಬಿಚ್ಚಿ ತಂತಿ ತೆಗೆದರು. ದಸರೆಯ ಹೊತ್ತಿಗೆ ಬನ್ನಿ ಹಿಡಿದುಕೊಂಡು ಓಣಿಯಲ್ಲೆಲ್ಲ ಕುಂಟುತ್ತಲೇ ಓಡಾಡಿದಳು. ನವೆಂಬರಿನಲ್ಲಿ ಒಮ್ಮೆ ತೋರಿಸಿದೆವು. ವೈದ್ಯರು ಚಿತ್ರವನ್ನು ಬೆಳಕಿಗೆ ಹಿಡಿದು "ಕೂಡಿದೆ" ಎಂದರು. ಮನೆಯಲ್ಲಿ ಹೋಳಿಗೆ ಮಾಡಿದರು. ಬಿಡುಗಡೆ ಚೀಟಿಯಲ್ಲಿ ಆರು ತಿಂಗಳಿಗೆ, ವರ್ಷಕ್ಕೆ, ಆಮೇಲೆ ವರ್ಷವರ್ಷವೂ ಬಂದು ತೋರಿಸಬೇಕೆಂದು ಇಂಗ್ಲಿಷಿನಲ್ಲಿ ಗೀಚಿತ್ತು. ಆ ಚೀಟಿ ರೇಷನ್ ಕಾರ್ಡು, ವಿದ್ಯುತ್ ಬಿಲ್ಲುಗಳ ಜೊತೆ ಪ್ಲಾಸ್ಟಿಕ್ ಚೀಲದೊಳಗೆ ಹೋಯಿತು. 2023ರ ಫೆಬ್ರುವರಿಯಲ್ಲಿ ನನಗೆ ಪೋಡಿ ಕೆಲಸ ಕುತ್ತಿಗೆಯವರೆಗೆ ಬಂದಿತ್ತು. ಓಡಾಡುವ ಹುಡುಗಿಯನ್ನು ಆಸ್ಪತ್ರೆಗೆ ಏಕೆ ಕರೆದೊಯ್ಯಬೇಕು?

ಈ ಪ್ರಶ್ನೆಗೆ ಉತ್ತರವನ್ನು ಅವರು ಮೊದಲೇ ಹೇಳಿದ್ದರೆ ಎಂದು ಎಷ್ಟೋ ಸಲ ಸಿಟ್ಟು ಬಂದಿದೆ. ಚಿಕಿತ್ಸೆಯಲ್ಲಿ ತಪ್ಪಿರಲಿಲ್ಲ, ಆಮೇಲೆ ನೋಡಿದ ವೈದ್ಯರೆಲ್ಲರೂ ಅದನ್ನೇ ಹೇಳಿದರು. "ಬಂದು ತೋರಿಸಿ" ಎಂದದ್ದೂ ನಿಜ. ಏಕೆ ತೋರಿಸಬೇಕು ಎಂಬ ಎರಡು ಮಾತು ಮಾತ್ರ ಬಿಟ್ಟುಹೋಗಿತ್ತು. ಆದರೆ ಸಿಟ್ಟು ಪೂರ್ತಿ ಏರುವ ಮೊದಲೇ ನನ್ನ ಕೆಲಸ ನೆನಪಾಗುತ್ತದೆ. ಹದ್ದುಬಸ್ತು ಮಾಡಿ ಗಡಿಗೆ ಬಾಂದುಕಲ್ಲು ಹಾಕಿಸಿದ ಮೇಲೆ ನಾನೂ ರೈತರಿಗೆ ಹೇಳುತ್ತೇನೆ: ಎರಡು ಮಳೆಗಾಲ ಕಳೆದ ಮೇಲೆ ಕಲ್ಲು ನೋಡಿಕೊಳ್ಳಿ. ಎರೆಭೂಮಿ ಬೇಸಿಗೆಯಲ್ಲಿ ಬಿರಿಯುತ್ತದೆ, ಮಳೆಗೆ ಉಬ್ಬುತ್ತದೆ, ಕಲ್ಲು ವಾಲುತ್ತದೆ. ಇಷ್ಟು ಬಿಡಿಸಿ ಹೇಳಲು ನನಗೂ ಪುರುಸೊತ್ತು ಇರುವುದಿಲ್ಲ. "ನೋಡಿಕೊಳ್ಳಿ" ಎಂದು ಬೈಕು ಹತ್ತುತ್ತೇನೆ.

ಟೇಲರ್ ಅಂಗಡಿಯ ಮರುವಾರವೇ ಹುಬ್ಬಳ್ಳಿಗೆ ಹೊರಟೆವು. ಗದಗಿನಿಂದ ರೈಲು ಹತ್ತಿದರೆ ಹುಲಕೋಟಿ, ಅಣ್ಣಿಗೇರಿ ದಾಟಿ ಹೆಚ್ಚುಕಡಿಮೆ 60 ಕಿಲೋಮೀಟರ್. ಹುಬ್ಬಳ್ಳಿಯ ಸಿದ್ಧಾರೂಢ ಸ್ವಾಮೀಜಿ ನಿಲ್ದಾಣದಲ್ಲಿ ಜಗತ್ತಿನಲ್ಲೇ ಅತಿ ಉದ್ದವಾದ ಪ್ಲಾಟ್‌ಫಾರ್ಮ್ ಇದೆ, 1507 ಮೀಟರ್. 2023ರ ಮಾರ್ಚಿನಲ್ಲಿ ಅದು ಉದ್ಘಾಟನೆಯಾದಾಗ ಮಗಳು ಪತ್ರಿಕೆಯ ಚಿತ್ರ ಕತ್ತರಿಸಿ ಗೋಡೆಗೆ ಅಂಟಿಸಿದ್ದಳು. ಈಗ ನಾನು ಅವಳ ಹಿಂದೆ ಬಿದ್ದು, ಮುಂದೆ ನಡೆಯುವ ಅವಳ ಭುಜಗಳನ್ನೇ ನೋಡುತ್ತ ಬಂದೆ. ಎಡಗಾಲು ಊರಿದಾಗಲೆಲ್ಲ ಎಡಭುಜ ಒಂದು ಎಳೆ ಕೆಳಗಿಳಿಯುತ್ತಿತ್ತು. ಎರಡು ವರ್ಷ ಇದೇ ಮಗುವಿನ ಹಿಂದೆ ನಡೆದಿದ್ದೇನೆ.

ಮಕ್ಕಳ ಎಲುಬು ನೋಡುವ ಆ ವೈದ್ಯರ ಕೋಣೆಯಲ್ಲಿ ನನಗೆ ಮೊದಲು ಕಂಡದ್ದು ಮರದ ಹಲಗೆಗಳ ಒಂದು ಗುಡ್ಡೆ. ಒಂದೊಂದರ ಮೇಲೂ ದಪ್ಪವನ್ನು ಬರೆದಿತ್ತು: 5, 10, 20 ಮಿಲಿಮೀಟರ್.

"ಬಾ ತಂಗಿ, ಇದರ ಮೇಲೆ ಎಡಗಾಲಿಡು. ಮೊಣಕಾಲು ಬಗ್ಗಿಸಬಾರದು."

ಹಿಂದೆ ಸ್ಟೂಲಿನ ಮೇಲೆ ಕೂತು, ಸೊಂಟದ ಎಲುಬಿನ ಎರಡು ತುದಿಗಳ ಮೇಲೆ ಬೆರಳಿಟ್ಟು, ಒಂದು ಹಲಗೆ ಹಾಕಿದರು, ಇನ್ನೊಂದು ಸೇರಿಸಿದರು, ಒಂದನ್ನು ತೆಗೆದರು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಇದು ನನ್ನದೇ ಕಸುಬು, ಲೆವೆಲ್ ಹಿಡಿಯುವುದು. 15ರ ಮೇಲೆ ಇನ್ನೂ ಸ್ವಲ್ಪ ಇಳಿಜಾರು, 20ಕ್ಕೆ ಸ್ವಲ್ಪ ಏರು. ಆಮೇಲೆ ಸೊಂಟದಿಂದ ಪಾದದವರೆಗೆ ನಿಲ್ಲಿಸಿ ತೆಗೆದ ಉದ್ದನೆಯ ಎಕ್ಸ್-ರೇಯಲ್ಲಿ ಲೆಕ್ಕ ನಿಂತದ್ದು 17 ಮಿಲಿಮೀಟರಿಗೆ.

ಹಳೆಯ ಬಿಡುಗಡೆ ಚೀಟಿಯನ್ನು ಅವರು ಓದಿದರು. ಅದರಲ್ಲಿ "ಎಸ್ಎಚ್ 2" ಎಂದು ಬರೆದಿತ್ತು. ಅದನ್ನು ನಾನು ಇಷ್ಟು ದಿನ ಹಾಸಿಗೆಯ ಸಂಖ್ಯೆ ಎಂದುಕೊಂಡಿದ್ದೆ. ಮಕ್ಕಳ ಎಲುಬಿನ ತುದಿಯಲ್ಲಿ ಬೆಳೆಯುವ ಮೃದ್ವಸ್ಥಿಯ ಪದರ ಒಂದಿರುತ್ತದೆ, ಎಲುಬು ಉದ್ದವಾಗುವುದು ಅಲ್ಲಿಂದಲೇ. ಆ ಪದರದ ಮೂಲಕ ಹಾದುಹೋಗುವ ಮುರಿತಗಳನ್ನು ಟೊರಾಂಟೊದ ಸಾಲ್ಟರ್ ಮತ್ತು ಹ್ಯಾರಿಸ್ ಎಂಬ ಇಬ್ಬರು ವೈದ್ಯರು 1963ರಲ್ಲಿ ಐದು ಬಗೆಯಾಗಿ ವಿಂಗಡಿಸಿದರು. ಚೀಟಿಯ ಎಸ್ಎಚ್ ಅವರಿಬ್ಬರ ಹೆಸರಿನ ಮೊದಲಕ್ಷರಗಳು, ಮಗಳದ್ದು ಎರಡನೆಯ ಬಗೆ. "ಬೇರೆ ಕಡೆ ಆಗಿದ್ದರೆ ಇದು ಸೌಮ್ಯ" ಎಂದರು ವೈದ್ಯರು. "ಮೊಣಕಾಲಿನ ಮೇಲ್ಭಾಗದಲ್ಲಾದರೆ ಮಾತ್ರ ಇದನ್ನು ನಂಬುವ ಹಾಗಿಲ್ಲ. ಅಲ್ಲಿ ಪದರ ಚಪ್ಪಟೆಯಾಗಿರುವುದಿಲ್ಲ, ಏರುತಗ್ಗು ಇರುತ್ತದೆ. ಜಾರುವಾಗ ಪದರವನ್ನು ಉಜ್ಜಿಕೊಂಡು ಹೋಗುತ್ತದೆ. ಈ ಜಾಗದಲ್ಲಿ ಹೀಗೆ ಮುರಿದವರಲ್ಲಿ ಸುಮಾರು ಅರ್ಧ ಮಕ್ಕಳಿಗೆ ಬೆಳವಣಿಗೆ ಏರುಪೇರಾಗುತ್ತದೆ. ಅದಕ್ಕೇ ವರ್ಷವರ್ಷ ನೋಡುವುದು."

ಅದಕ್ಕೇ. ಆ ಒಂದು ಮಾತನ್ನು ಕೇಳಲು ನನಗೆ ಎರಡು ವರ್ಷ ಬೇಕಾಗಿತ್ತು.

ಉಜ್ಜಿಹೋದ ಜಾಗದಲ್ಲಿ ಮೃದ್ವಸ್ಥಿಯ ಬದಲು ಗಟ್ಟಿ ಎಲುಬು ಹುಟ್ಟಿ, ಪದರದ ಮೇಲಿನ ದಂಡೆಗೂ ಕೆಳಗಿನ ದಂಡೆಗೂ ಸೇತುವೆ ಹಾಕಿಬಿಟ್ಟಿತ್ತು. ಎರಡು ದಂಡೆಗಳು ದೂರ ಸರಿದರೆ ತಾನೇ ಎಲುಬು ಬೆಳೆಯುವುದು? ಸೇತುವೆ ಹಿಡಿದು ನಿಲ್ಲಿಸಿತ್ತು. ಕಾಲು ಕೂಡಿತ್ತು ನಿಜ, ಕೂಡಬಾರದ ಜಾಗವೂ ಕೂಡಿತ್ತು. ನಾವು ಅದಕ್ಕೇ ಹೋಳಿಗೆ ಮಾಡಿ ಉಂಡಿದ್ದೆವು.

ರೋಗದ ಹೆಸರಿಗಿಂತ ಅದರ ಲೆಕ್ಕ ನನಗೆ ಬೇಗ ಅರ್ಥವಾಗುತ್ತದೆ. ತೊಡೆಯ ಎಲುಬಿನ ಉದ್ದದಲ್ಲಿ ಶೇಕಡಾ 70ರಷ್ಟು ಬೆಳೆಯುವುದು ಮೊಣಕಾಲಿನ ಬದಿಯ ಪದರದಿಂದ, ವರ್ಷಕ್ಕೆ ಸುಮಾರು 9 ಮಿಲಿಮೀಟರ್. ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ 14 ವರ್ಷಕ್ಕೆ, ಗಂಡುಮಕ್ಕಳಲ್ಲಿ 16ಕ್ಕೆ ಅದು ಮುಚ್ಚುತ್ತದೆ. ಇದು ಹುಟ್ಟಿದ ದಿನಾಂಕದ ವಯಸ್ಸಲ್ಲ, ಎಲುಬಿನ ವಯಸ್ಸು. ಅದನ್ನು ತಿಳಿಯಲು ಎಡಗೈಯ ಮಣಿಕಟ್ಟಿನ ಚಿತ್ರ ತೆಗೆಯುತ್ತಾರೆ. (ಮನೆಯಲ್ಲಿ ನನ್ನ ತಾಯಿಗೆ, ಮಗಳ ಆಯಿಗೆ, ಇದನ್ನು ಒಪ್ಪಿಸುವುದು ಸಾಕುಸಾಕಾಯಿತು. "ಕಾಲು ನೋಯುತ್ತದೆ ಎಂದರೆ ಕೈ ನೋಡಿದರಂತೆ" ಎಂದು ಅವರು ಬಂದವರಿಗೆಲ್ಲ ಹೇಳಿದರು.) ಮಗಳ ಎಲುಬಿಗೂ ಹತ್ತೇ ವರ್ಷ. ಉಳಿದದ್ದು ನಾಲ್ಕು ವರ್ಷ, ನಾಲ್ಕೊಂಬತ್ತಲೆ 36, ಈಗಿನ 17 ಕೂಡಿಸಿದರೆ 53. ಐದು ಸೆಂಟಿಮೀಟರಿಗೂ ಮಿಗಿಲು. ಕೋಣೆಯಲ್ಲಿ ನಾನೇ ಕೂಡಿಸಿ ಹೇಳಿದೆ. ವೈದ್ಯರು ತಲೆಯಾಡಿಸಿದರು. ಮಗಳು ಹಲಗೆಗಳನ್ನು ಒಂದರ ಮೇಲೊಂದು ಪೇರಿಸಿ 53 ಎಷ್ಟು ಎತ್ತರವಾಗುತ್ತದೆ ಎಂದು ನೋಡುತ್ತಿದ್ದಳು.

ಮುಂದಿನ ದಾರಿಗಳನ್ನು ಅವರು ಕಾಗದದ ಮೇಲೆ ಗೆರೆ ಎಳೆದು ತೋರಿಸಿದರು. ಏನೂ ಮಾಡದೆ ಬೂಟಿನ ಅಟ್ಟೆ ಎತ್ತರಿಸಿಕೊಳ್ಳುವುದು ಒಂದು, ಆದರೆ ಅದು ಎರಡು ಸೆಂಟಿಮೀಟರಿನ ಆಚೀಚೆಯವರೆಗೆ ಸರಿ. ದೊಡ್ಡವಳಾದ ಮೇಲೆ ಎಲುಬು ಕತ್ತರಿಸಿ, ಹೊರಗಿನಿಂದ ಕಬ್ಬಿಣದ ಬಳೆಗಳನ್ನು ಕಟ್ಟಿ, ದಿನಕ್ಕೆ ಒಂದು ಮಿಲಿಮೀಟರಿನಂತೆ ಎಳೆಯುತ್ತ ಉದ್ದ ಮಾಡುವುದು ಇನ್ನೊಂದು. ಸೈಬೀರಿಯದ ಕುರ್ಗಾನಿನಲ್ಲಿ ಇಲಿಜಾರೋವ್ ಎಂಬ ವೈದ್ಯರು ಕಂಡುಕೊಂಡ ವಿಧಾನ. ಐದು ಸೆಂಟಿಮೀಟರ್ ಎಂದರೆ ಎಳೆಯುವುದಕ್ಕೇ ಐವತ್ತು ದಿನ, ಹೊಸ ಎಲುಬು ಗಟ್ಟಿಯಾಗುವವರೆಗೆ ಮತ್ತೆ ತಿಂಗಳುಗಟ್ಟಲೆ ಬಳೆ. ಮೂರನೆಯದನ್ನು ಹೇಳುವಾಗ ಅವರೇ ಸ್ವಲ್ಪ ತಡೆದರು.

"ಸರಿಯಾದ ವಯಸ್ಸಿಗೆ ಬಲಗಾಲಿನ ಪದರವನ್ನೂ ಮುಚ್ಚಿಬಿಡುವುದು. ಎಡಗಾಲಿಗೆ ಬೆಳವಣಿಗೆ ಉಳಿದಿದ್ದರೆ ಅದು ಬಂದು ಕೂಡಿಕೊಳ್ಳುತ್ತದೆ. ಉಳಿದಿಲ್ಲದಿದ್ದರೆ ಅಂತರ ಹೆಚ್ಚುವುದಾದರೂ ನಿಲ್ಲುತ್ತದೆ."

ಬಲಗಾಲು ಯಾವ ತಪ್ಪೂ ಮಾಡದ ಕಾಲು. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆ ರಾತ್ರಿ ಮನೆಯಲ್ಲಿ ನನ್ನ ತಾಯಿ ಕೂಗಾಡಿದರು. ಹಾಳಾದ ಹೊಲಕ್ಕೆ ಸರಿಯಾಗಲೆಂದು ಬೆಳೆದ ಹೊಲಕ್ಕೆ ಉಪ್ಪು ಸುರಿಯುವವರನ್ನು ಎಲ್ಲಿಯಾದರೂ ನೋಡಿದ್ದೀಯಾ ಎಂದು ಕೇಳಿದರು. ನಾನು ನೋಡಿಲ್ಲ. ನಾನು ನೋಡಿರುವುದು ಬೇರೆ: ಇಬ್ಬರು ಅಣ್ಣತಮ್ಮಂದಿರ ಪಾಲು ಹೆಚ್ಚುಕಡಿಮೆಯಾದರೆ, ಎಲ್ಲಿಂದಲೋ ಹೊಸ ಭೂಮಿ ತಂದು ಕೊಡಲು ಯಾವ ಸರ್ವೆಯರನಿಗೂ ಆಗುವುದಿಲ್ಲ, ಹೆಚ್ಚಿದ್ದವನ ಕಡೆಯಿಂದಲೇ ಗೆರೆ ಸರಿಯಬೇಕು. ಇದನ್ನು ಅವರಿಗೆ ಹೇಳಲಿಲ್ಲ. ನನಗೇ ಅದು ಅಷ್ಟು ಸಮಾಧಾನ ಕೊಡಲಿಲ್ಲ.

ಆದರೆ ಅದಕ್ಕೂ ಮೊದಲು ನಾಲ್ಕನೆಯ ದಾರಿಯೊಂದಿತ್ತು. ಸೇತುವೆ ಪದರದ ಅರ್ಧಕ್ಕಿಂತ ಕಡಿಮೆ ಇದ್ದು, ಬೆಳೆಯಲು ಕನಿಷ್ಠ ಎರಡು ವರ್ಷವಾದರೂ ಉಳಿದಿದ್ದರೆ ಅದನ್ನೇ ಕೊರೆದು ತೆಗೆಯಬಹುದು. ತೆಗೆದ ಗುಂಡಿಯಲ್ಲಿ ಮತ್ತೆ ಎಲುಬು ಬೆಳೆಯದಂತೆ ಮಗುವಿನದೇ ಕೊಬ್ಬನ್ನು ತುಂಬುತ್ತಾರೆ. 1960ರ ದಶಕದಲ್ಲಿ ಫಿನ್ಲೆಂಡಿನ ಲಾಂಗೆನ್‌ಶೋಲ್ಡ್ ಎಂಬ ವೈದ್ಯರು ತೋರಿಸಿಕೊಟ್ಟ ಶಸ್ತ್ರಕ್ರಿಯೆ ಇದು. ಎಂಆರ್‌ಐ ಮಾಡಿಸಿದೆವು. ಒಂದೊಂದು ಚಿತ್ರದಲ್ಲಿಯೂ ಸೇತುವೆಯ ಅಂಚನ್ನು ಗುರುತಿಸಿ ವೈದ್ಯರು ಒಂದು ನಕ್ಷೆ ಬರೆದಿದ್ದರು. ನಮ್ಮ ಪೋಡಿ ನಕ್ಷೆಯಂತೆಯೇ ಇತ್ತು. ನಡುವೆ ಗೆರೆ ಹೊಡೆದ ತುಂಡು ಕಾಲು ಭಾಗ. ಕಾಲಿನಲ್ಲಿ ಕಾಲು ಭಾಗ ಎಂದು ಮಗಳು ನಕ್ಕಳು. ನಮಗೆ ಆ ವಾರ ಸಿಕ್ಕ ಒಳ್ಳೆಯ ಸುದ್ದಿಯೆಂದರೆ ಆ ಕಾಲೇ. ಅರ್ಧವಾಗಿದ್ದರೆ ಈ ದಾರಿಯೂ ಮುಚ್ಚುತ್ತಿತ್ತು.

ವೈದ್ಯರು ಭರವಸೆಯನ್ನು ಅಳೆದು ಕೊಟ್ಟರು. ಪೂರ್ತಿ ಬೆಳೆಯಬಹುದು, ಸ್ವಲ್ಪ ಬೆಳೆಯಬಹುದು, ಸೇತುವೆ ಮತ್ತೆ ಹುಟ್ಟಲೂಬಹುದು. ಅಂಥ ಮಾತು ಕೇಳಿ ಜನ ಬೇರೆ ವೈದ್ಯರನ್ನು ಹುಡುಕಿಕೊಂಡು ಹೋಗುತ್ತಾರೆ. ನನಗೆ ಆ ಮಾತಿನಿಂದಲೇ ನಂಬಿಕೆ ಬಂತು. ದುಡ್ಡಿನ ವಿಷಯ ಬರೆಯುವುದಿಲ್ಲ. ಹೆಂಡತಿಯ ಪಾಟ್ಲಿ ಒಂದು ವರ್ಷ ಬ್ಯಾಂಕಿನಲ್ಲಿತ್ತು ಎಂದರೆ ಸಾಕು.

ದಸರೆ ರಜೆಯಲ್ಲಿ, 2024ರ ಅಕ್ಟೋಬರಿನಲ್ಲಿ ಶಸ್ತ್ರಕ್ರಿಯೆಯಾಯಿತು. ಅಷ್ಟರಲ್ಲಿ ಅಂತರ 20ಕ್ಕೆ ಬಂದಿತ್ತು. ಮೂರು ತಾಸು ಹೊರಗೆ ಕೂತಿದ್ದೆವು. ಆ ಮೂರು ತಾಸಿನ ಬಗ್ಗೆ ಹೇಳಲು ನನ್ನ ಬಳಿ ಏನೂ ಇಲ್ಲ. ಎದುರಿನ ಗೋಡೆಯ ಹೆಂಚುಗಳನ್ನು ಎಣಿಸಿದೆ, ಉದ್ದಕ್ಕೆ 14, ಎತ್ತರಕ್ಕೆ 9.

ಹೊರಗೆ ಬಂದ ವೈದ್ಯರು ಆಗಷ್ಟೇ ತೆಗೆದ ಎಕ್ಸ್-ರೇ ತೋರಿಸಿದರು. ಗುಂಡಿ ಕಾಣಿಸಿತು. ಅದರ ಮೇಲೊಂದು, ಕೆಳಗೊಂದು, ಬಿಳಿಯ ಚುಕ್ಕೆ.

"ಇವು ಏನು ಸರ್?"

"ಲೋಹದ ಗುರುತುಗಳು. ಪದರದ ಆಚೆಗೊಂದು, ಈಚೆಗೊಂದು ನೆಟ್ಟಿದ್ದೇನೆ. ಇವೆರಡರ ನಡುವಿನ ಅಂತರ ಹೆಚ್ಚಿದರೆ ಪದರ ಬೆಳೆಯುತ್ತಿದೆ ಎಂದರ್ಥ. ಹೆಚ್ಚದಿದ್ದರೆ ಇಲ್ಲ."

ಬಾಂದುಕಲ್ಲು! ಅಷ್ಟು ಜನರ ನಡುವೆ ನಾನು ಗಟ್ಟಿಯಾಗಿಯೇ ಅಂದೆ. ವೈದ್ಯರಿಗೆ ಅರ್ಥವಾಗಲಿಲ್ಲ. ನಾನು ಜೀವಮಾನವಿಡೀ ನೆಡುವುದು ಸರಿಯಬಾರದ ಕಲ್ಲುಗಳನ್ನು. ಸರಿದರೆ ಜಗಳ, ಸರಿದರೆ ಕೋರ್ಟು. ಇಲ್ಲಿ ಎರಡು ಕಲ್ಲು ನೆಟ್ಟು, ಅವು ದೂರ ಸರಿಯಲಿ ಎಂದು ಹಂಬಲಿಸುತ್ತ ಕೂರಬೇಕಾಗಿತ್ತು.

2025ರ ಏಪ್ರಿಲಿನಲ್ಲಿ ಮೊದಲ ಅಳತೆ: 3 ಮಿಲಿಮೀಟರ್ ಸರಿದಿದ್ದವು. ಬರಬೇಕಾದದ್ದು ನಾಲ್ಕೂವರೆ. ಹೆಂಡತಿ ಮೂರು ಬಂತು ಎಂದು ಹಿಗ್ಗಿದಳು, ನಾನು ಒಂದೂವರೆ ಹೋಯಿತು ಎಂದು ಕುಗ್ಗಿದೆ. ರೈಲಿನಲ್ಲಿ ಅಣ್ಣಿಗೇರಿಯವರೆಗೂ ಇದೇ ಜಗಳ. ಮಗಳು ಎಡಗಾಲಿನ ಬೂಟಿನ ಎತ್ತರದ ಅಟ್ಟೆಯಿಂದ ನನ್ನ ಕಾಲನ್ನು ತುಳಿಯುತ್ತ ಕೂತಿದ್ದಳು. ಆ ಅಟ್ಟೆಯನ್ನು ನಮ್ಮೂರಿನ ಬೂಟು ರಿಪೇರಿಯವರು ಹಳೆಯ ಟೈರಿನ ರಬ್ಬರು ಕತ್ತರಿಸಿ ಎಷ್ಟು ಅಚ್ಚುಕಟ್ಟಾಗಿ ಕೂಡಿಸಿದ್ದಾರೆಂದರೆ, ತರಗತಿಯಲ್ಲಿ ಯಾರಿಗೂ ಗೊತ್ತಾಗಿಲ್ಲವಂತೆ. ಜೂನಿನಲ್ಲಿ ಹೊಸ ಸಮವಸ್ತ್ರಕ್ಕೆ ಹೋದಾಗ ಟೇಲರ್ ಮಾಮಾ ಅವಳನ್ನು ಬಾಗಿಲಲ್ಲೇ ತಡೆದು, "ಬೂಟು ಹಾಕಿಕೊಂಡು ಬಾ, ಆಮೇಲೆ ಅಳತೆ" ಎಂದು ವಾಪಸ್ ಕಳಿಸಿದರು.

ಜುಲೈ ಕೊನೆಗೆ ಪಂಚಮಿ ಬಂತು. ಜೋಕಾಲಿ ಕಟ್ಟುವುದೇ ಬೇಡ ಎಂದು ಅವಳ ಸೋದರಮಾವ ಹಗ್ಗ ಒಳಗಿಟ್ಟಿದ್ದ. 2022ರಿಂದ ಆ ಬೇವಿನ ಮರದ ಕೆಳಗೆ ಅವನು ಸರಿಯಾಗಿ ನಿಂತದ್ದನ್ನು ನಾನು ನೋಡಿಲ್ಲ. ಮಗಳೇ ಹೋಗಿ ಹಗ್ಗ ಹೊತ್ತು ತಂದಳು. "ಕೂತೇ ಜೀಕುತ್ತೇನೆ ಮಾಮಾ" ಎಂದಳು. ಅವನು ಕಟ್ಟಿದ. ತಾನು ಮೊದಲು ಕೂತು, ಎರಡು ಕಾಲಿಂದಲೂ ಒದ್ದು, ತನ್ನ ಭಾರವನ್ನೆಲ್ಲ ಹಾಕಿ ನೋಡಿ, ಆಮೇಲೆ ಅವಳನ್ನು ಕೂರಿಸಿದ.

ಅಕ್ಟೋಬರಿಗೆ ವರ್ಷವಾಯಿತು. ಕಲ್ಲುಗಳ ಅಂತರ ಒಟ್ಟು 7 ಮಿಲಿಮೀಟರ್ ಹೆಚ್ಚಿತ್ತು, ಬಲಗಾಲು ಅದೇ ಅವಧಿಯಲ್ಲಿ 9 ಬೆಳೆದಿತ್ತು. ಅಂದರೆ ಅಂತರ ಈಗ 22. ಸೇತುವೆ ಮತ್ತೆ ಹುಟ್ಟದೆ ಹೀಗೇ ನಡೆದರೆ 53ರ ಬದಲು 28ಕ್ಕೆ ನಿಲ್ಲುತ್ತದೆ. ಅವಳಿಗೆ 12 ತುಂಬುವ ಹೊತ್ತಿಗೆ ಬಲಗಾಲಿನ ಪದರವನ್ನು ಮುಚ್ಚಿದರೆ ಒಂದು ಸೆಂಟಿಮೀಟರಿಗೆ ಇಳಿಸಬಹುದು. ಬೇಡವೆಂದರೆ ಜೀವನಪೂರ್ತಿ ಅಟ್ಟೆಯ ಬೂಟು. ತೀರ್ಮಾನಕ್ಕೆ ಇನ್ನೂ ಕೆಲವು ತಿಂಗಳಿದೆ, ಮುಂದಿನ ಅಳತೆ ಏಪ್ರಿಲಿಗೆ. ಆ ದಿನಾಂಕವನ್ನು ಈ ಸಲ ಚೀಟಿಯ ಮೇಲೆ ಬಿಟ್ಟಿಲ್ಲ. ನನ್ನ ಹೊಲದ ಅಳತೆಪುಸ್ತಕದಲ್ಲಿ, ಹದ್ದುಬಸ್ತಿನ ನೋಟಿಸು ದಿನಾಂಕಗಳ ಸಾಲಿನಲ್ಲಿ ಬರೆದಿದ್ದೇನೆ. ಆ ಸಾಲಿನ ಯಾವ ದಿನವನ್ನೂ ನಾನು ಇಂದಿನವರೆಗೆ ತಪ್ಪಿಸಿಲ್ಲ.

ಅಕ್ಟೋಬರಿನ ಅಳತೆಯ ದಿನ ಆಸ್ಪತ್ರೆಯಿಂದ ಬಂದು, ರೈಲಿಗೆ ಇನ್ನೂ ಹೊತ್ತಿತ್ತೆಂದು ನಿಲ್ದಾಣದ ಹೊರಗೆ ಗಿರ್ಮಿಟ್ ತಿನ್ನುತ್ತ ಕೂತಿದ್ದೆವು. ಪ್ರತಿ ಅಳತೆಗೂ ಒಂದು ತಟ್ಟೆ ಗಿರ್ಮಿಟ್, ಜೊತೆಗೆ ಎರಡು ಮಿರ್ಚಿ. ಇದು ಮಗಳೇ ಮಾಡಿಕೊಂಡ ಕರಾರು.

"ಅಪ್ಪಾ, ಬಲಗಾಲು ನಿಲ್ಲಿಸಿದರೆ ನಾನು ಎಷ್ಟು ಗಿಡ್ಡ ಆಗುತ್ತೇನೆ?"

"ಒಟ್ಟು ಎತ್ತರದಲ್ಲಿ ಎರಡು ಸೆಂಟಿಮೀಟರಿನ ಒಳಗೇ."

ಅವಳು ಬೆರಳುಗಳ ನಡುವೆ ಅಷ್ಟು ಜಾಗ ಬಿಟ್ಟು, ಒಂದು ಕಣ್ಣು ಮುಚ್ಚಿ, ಆ ಸಂದಿಯಿಂದ ಅವ್ವನನ್ನು ನೋಡಿದಳು.

"ಅವ್ವನಿಗಿಂತ ಎತ್ತರ ಆಗುತ್ತೇನಲ್ಲ?"

"ಆಗುತ್ತೀಯ."

"ಹಾಗಾದರೆ ಆಯಿಗೆ ನಾನೇ ಹೇಳುತ್ತೇನೆ, ನೀವು ಹೇಳಬೇಡಿ" ಎಂದು ನನ್ನ ತಟ್ಟೆಯ ಮಿರ್ಚಿಯನ್ನು ತೆಗೆದುಕೊಂಡಳು.